ಪಿಟಿ ಪೀರಿಯಡ್‌ನಲ್ಲಿ ಬಿಎಂಐ: ಮಕ್ಕಳ ಮನಸ್ಸು ನೋಯದಂತೆ ಅಳೆಯುವುದು ಹೇಗೆ, ಅಳೆದ ಮೇಲೆ ಮಾಡುವುದೇನು

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಎಂಟನೇ ತರಗತಿಯ ಮಕ್ಕಳನ್ನು ಕಾರಿಡಾರ್‌ನಲ್ಲಿ ಸಾಲಾಗಿ ನಿಲ್ಲಿಸಿ ತೂಕ ನೋಡುತ್ತಿದ್ದೆ. ನಾನು ಕಿಲೋ ಎಷ್ಟೆಂದು ಗಟ್ಟಿಯಾಗಿ ಕೂಗುವುದು, ಕ್ಲಾಸ್ ಲೀಡರ್ ಬರೆದುಕೊಳ್ಳುವುದು. ಅರ್ಧ ಗಂಟೆಯಲ್ಲಿ ಐವತ್ತು ಮಕ್ಕಳು ಮುಗಿದುಹೋಗುತ್ತಿದ್ದರು. ಅವರಲ್ಲಿ ಒಬ್ಬ ಹುಡುಗಿ, ಥ್ರೋಬಾಲ್‌ನಲ್ಲಿ ಒಳ್ಳೆಯ ಕೈ ಇದ್ದವಳು, ಅಂದಿನಿಂದ ಆಟದ ಪೀರಿಯಡ್ ಬಂದರೆ ಸಾಕು, ಹೊಟ್ಟೆನೋವು ಎಂದು ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಕಾರಣ ನನಗೆ ಹೊಳೆಯಲು ಮೂರು ತಿಂಗಳು ಬೇಕಾಯಿತು. ನಾನು ಕೂಗಿದ ಸಂಖ್ಯೆಯೇ ತರಗತಿಯಲ್ಲಿ ಅವಳ ಅಡ್ಡಹೆಸರಾಗಿತ್ತು.

ಆಮೇಲೆ ನಾನು ಅಳೆಯುವ ಕ್ರಮವನ್ನೇ ಬದಲಿಸಿಕೊಂಡೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಿಟಿ ಶಿಕ್ಷಕರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮಗುವಿನ ಫಿಟ್ನೆಸ್ ಕಾರ್ಡ್ ಕೈಗೆ ಬಂದಾಗ ಅದರಲ್ಲಿರುವ ಅಂಕಿ ಏನು ಹೇಳುತ್ತದೆ ಎಂದು ತಿಳಿಯಬೇಕೆನ್ನುವ ಅಪ್ಪ ಅಮ್ಮಂದಿರಿಗೂ ಆದೀತು.

ಮೊದಲು: ಏಕೆ ಅಳೆಯುತ್ತಿದ್ದೀರಿ?

ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದರೆ ತೂಕ ಎಷ್ಟಿದೆ ಎಂದು ಹೇಳುವ ಅಂಕಿ, ಈಗ ನಮ್ಮ ಶಾಲೆಗಳ ಫಿಟ್ನೆಸ್ ಪರೀಕ್ಷೆಯ ಭಾಗ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಮೌಲ್ಯಮಾಪನದಲ್ಲಿ ಒಂದರಿಂದ ಮೂರನೇ ತರಗತಿಯವರಿಗೆ ಬಿಎಂಐ ಜೊತೆಗೆ ಒಂಟಿಕಾಲಿನಲ್ಲಿ ನಿಲ್ಲುವ ಫ್ಲೆಮಿಂಗೊ ಪರೀಕ್ಷೆ ಮತ್ತು ಎರಡು ತಟ್ಟೆಗಳನ್ನು ಕೈಯಿಂದ ಬೇಗ ಬೇಗ ಮುಟ್ಟುವ ಪ್ಲೇಟ್ ಟ್ಯಾಪಿಂಗ್ ಇವೆ. ನಾಲ್ಕನೇ ತರಗತಿಯಿಂದ ಮೇಲಿನವರಿಗೆ ಬಿಎಂಐ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದಕ್ಕೆ ಬಾಗಿ ಕೈಚಾಚುವ ಸಿಟ್ ಅಂಡ್ ರೀಚ್, ಮಲಗಿ ಮೇಲಕ್ಕೆ ಏಳುವ ಕರ್ಲ್ ಅಪ್, ಪುಷ್ ಅಪ್. ಒಂದೇ ಕಾರ್ಡಿನಲ್ಲಿ ಒಟ್ಟಿಗೆ ಕೂತಿರುವುದರಿಂದ ಬಿಎಂಐ ಕೂಡ ಓಟದಂತೆಯೇ ಮಗು 'ಮಾಡಿದ' ಸಾಧನೆ ಎಂದು ಕಾಣಿಸುತ್ತದೆ. ಎಡವುವುದು ಇಲ್ಲೇ. 600 ಮೀಟರ್ ಓಟ ಅಭ್ಯಾಸದಿಂದ ಬದಲಾಗುವ ಸಾಮರ್ಥ್ಯ. ಬಿಎಂಐ ಮಗುವಿನ ಮೈಕಟ್ಟು, ಮನೆಯ ಊಟ, ಅನುವಂಶೀಯತೆ, ವಯಸ್ಸಿಗೆ ಬರುವ ಹಂತ ಎಲ್ಲ ಸೇರಿ ಆಗುವ ಒಂದು ಅಂಕಿ. ಅದಕ್ಕೆ ಮಾರ್ಕ್ಸ್ ಕೊಡುವ ಹಾಗಿಲ್ಲ.

ಬರೀ ಅಳೆದು ಮನೆಗೆ ಚೀಟಿ ಕಳಿಸಿದರೆ ಏನಾಗುತ್ತದೆ ಎಂಬುದನ್ನು ಬೇರೆ ದೇಶಗಳು ಆಗಲೇ ನೋಡಿವೆ. ಅಮೆರಿಕದ ಆರ್ಕನ್ಸಾ ರಾಜ್ಯ 2003ರಲ್ಲಿ ಕಾನೂನು ಮಾಡಿ, ಶಾಲಾ ಮಕ್ಕಳ ಬಿಎಂಐ ಅಳೆದು ಪೋಷಕರಿಗೆ ವರದಿ ಕಳಿಸಲು ಶುರುಮಾಡಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಮುಂದೆ ಕ್ಯಾಲಿಫೋರ್ನಿಯಾದ 79 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ವರದಿ ಮನೆಗೆ ಹೋದ ಮಕ್ಕಳ ಬಿಎಂಐ ಸುಧಾರಿಸಿರಲಿಲ್ಲ. ಶಾಲೆಯಲ್ಲಿ ತೂಕ ನೋಡಿಸಿಕೊಂಡ ಮಕ್ಕಳಿಗೆ ತಮ್ಮ ತೂಕದ ಬಗೆಗಿನ ಬೇಸರ ಮಾತ್ರ ಉಳಿದವರಿಗಿಂತ ಹೆಚ್ಚಾಗಿತ್ತು. ಸಿಂಗಪುರ ಇನ್ನೂ ಮುಂದೆ ಹೋಗಿತ್ತು. 1992ರಲ್ಲಿ ಶುರುವಾದ ಅಲ್ಲಿನ 'ಟ್ರಿಮ್ ಅಂಡ್ ಫಿಟ್' ಕಾರ್ಯಕ್ರಮದಲ್ಲಿ ದಪ್ಪ ಇರುವ ಮಕ್ಕಳನ್ನು ಬೇರೆ ಮಾಡಿ, ಉಳಿದವರು ಬಿಡುವಿನಲ್ಲಿ ಆಡುವಾಗ ಇವರಿಗೆ ಕಸರತ್ತು ಮಾಡಿಸುತ್ತಿದ್ದರು. ಕಾರ್ಯಕ್ರಮದ ಹೆಸರಿನ ಮೊದಲಕ್ಷರ 'ಟಿಎಎಫ್' ಅನ್ನು ತಿರುಗಿಸಿ 'ಎಫ್‌ಎಟಿ' ಎಂದು ಮಕ್ಕಳು ಮಕ್ಕಳನ್ನೇ ಛೇಡಿಸಿದರು. 2007ರಲ್ಲಿ ಸರ್ಕಾರ ಅದನ್ನು ಕೈಬಿಟ್ಟು, ಎಲ್ಲ ಮಕ್ಕಳ ಒಟ್ಟು ಆರೋಗ್ಯ ನೋಡುವ ಬೇರೆ ಕ್ರಮಕ್ಕೆ ಹೋಯಿತು.

ಹಾಗಾದರೆ ಅಳೆಯುವುದೇ ಬೇಡವೇ? ನನ್ನ ಪ್ರಕಾರ ಬೇಕು. ನಮ್ಮಲ್ಲಿ ಅದಕ್ಕೆ ಬೇರೆಯದೇ ಕಾರಣವಿದೆ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 19 ವರ್ಷದವರಲ್ಲಿ ಶೇ 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದ ತೆಳುವಿನವರು. ತೂಕ ಹೆಚ್ಚಿದ್ದವರು ಶೇ 5. ಸರ್ಕಾರಿ ಶಾಲೆಯಲ್ಲಿ ತಕ್ಕಡಿ ಮುಖ್ಯವಾಗಿ ಹುಡುಕಬೇಕಾದದ್ದು ಸೊರಗಿದ ಮಗುವನ್ನು. ನಗರದ ಶಾಲೆಯಲ್ಲಿ ಎರಡೂ ತುದಿಯವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಹಾಗೆ ಸಿಕ್ಕ ಮಗುವನ್ನು ಮುಂದೆ ಯಾರ ಹತ್ತಿರ ಕಳಿಸುತ್ತೀರಿ ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ ಈ ವರ್ಷ ತೂಕದ ಯಂತ್ರವನ್ನು ಬೀರುವಿನಿಂದ ಹೊರಗೆ ತೆಗೆಯಬೇಡಿ.

ಮನೆಯವರಿಗೆ ತಿಳಿಸುವುದು

ವಾರ ಮುಂಚೆ ಡೈರಿಯಲ್ಲಿ ನಾಲ್ಕು ಸಾಲು ಸಾಕು. ನಾನು ಬರೆಸುವುದು ಹೀಗೆ: "ಬರುವ ವಾರ ಮಕ್ಕಳ ಎತ್ತರ ಮತ್ತು ತೂಕ ನೋಡುತ್ತೇವೆ. ಪ್ರತಿ ಮಗುವನ್ನೂ ಬೇರೆಯಾಗಿ ಕರೆದು ಅಳೆಯುತ್ತೇವೆ. ಸಂಖ್ಯೆಯನ್ನು ತರಗತಿಯಲ್ಲಿ ಹೇಳುವುದಿಲ್ಲ, ಇದಕ್ಕೆ ಅಂಕವೂ ಇಲ್ಲ. ನಿಮ್ಮ ಮಗುವಿಗೆ ಬೇಡವೆನಿಸಿದರೆ ಬರೆದು ಕಳಿಸಿ." ಓದಲು ಬಾರದ ಮನೆಗಳಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೋ ಪೋಷಕರ ಸಭೆಯಲ್ಲೋ ಬಾಯಲ್ಲಿ ಹೇಳಿ. ಬೇಡ ಎನ್ನುವವರು ಬಹಳ ಕಡಿಮೆ. ಆದರೆ ಕೇಳಿದರು ಎಂಬ ಕಾರಣಕ್ಕೇ ಆಮೇಲೆ ನೀವು ಮಾತಾಡಲು ಕರೆದಾಗ ಬರುತ್ತಾರೆ.

ಜಾಗ ಮತ್ತು ಸಾಮಾನು

ಬಾಗಿಲು ಹಾಕಬಹುದಾದ ಒಂದು ಕೋಣೆ ಬೇಕು. ಕ್ರೀಡಾ ಸಾಮಗ್ರಿಯ ಕೋಣೆ, ಲ್ಯಾಬ್, ಯಾವುದಾದರೂ ಸರಿ. ಉಳಿದ ಮಕ್ಕಳು ಮೈದಾನದಲ್ಲಿ ಆಡುತ್ತಿರಲಿ. ಹೊರಗೆ ಸಾಲು ನಿಂತರೆ ಅಲ್ಲೇ ಊಹೆ, ಪಂದ್ಯ ಶುರುವಾಗುತ್ತದೆ. ಹೆಣ್ಣುಮಕ್ಕಳನ್ನು ಅಳೆಯಲು ಶಿಕ್ಷಕಿಯೇ ಇರಬೇಕು, ಕೋಣೆಯಲ್ಲಿ ಇನ್ನೊಬ್ಬ ಹಿರಿಯರೂ ಇರಬೇಕು. ಬರೆದುಕೊಳ್ಳುವ ಕೆಲಸಕ್ಕೆ ಮಕ್ಕಳನ್ನು ಕೂರಿಸಬೇಡಿ.

100 ಗ್ರಾಂವರೆಗೆ ತೋರಿಸುವ ಡಿಜಿಟಲ್ ಯಂತ್ರ ಸಾಕು. ಅದನ್ನು ಜಮಖಾನದ ಮೇಲೆ ಇಟ್ಟರೆ ತೂಕ ತಪ್ಪು ಬರುತ್ತದೆ. ಕಡಪಾ ಕಲ್ಲಿನ ನೆಲ ಏರುತಗ್ಗಾಗಿದ್ದರೆ ಯಂತ್ರ ಅಲ್ಲಾಡುತ್ತದೆ, ಕೆಳಗೆ ದಪ್ಪ ಪ್ಲೈವುಡ್ ಹಲಗೆ ಹಾಕಿ. ದಿನ ಶುರುಮಾಡುವ ಮುಂಚೆ ಪರಿಚಯದ ಅಂಗಡಿಯಿಂದ ತಂದ ಹತ್ತು ಕಿಲೋ ತೂಕದ ಕಲ್ಲನ್ನು ಇಟ್ಟು ನೋಡಿ. ಹತ್ತೇ ತೋರಿಸಬೇಕು. ಮಧ್ಯದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಮತ್ತೆ ಇಡಿ. ಮಕ್ಕಳಿಗೆ ಅಂಕಿ ಕಾಣದ ಹಾಗೆ ಯಂತ್ರವನ್ನು ತಿರುಗಿಸಿ, ಬೆನ್ನು ಮಾಡಿ ನಿಲ್ಲಿಸಿದರೂ ಆಗುತ್ತದೆ.

ಎತ್ತರ ಅಳೆಯುವ ಕಂಬ, ಅಂದರೆ ಸ್ಟೇಡಿಯೋಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಲೋಹದ ಟೇಪನ್ನು ಗೋಡೆಗೆ ನೆಟ್ಟಗೆ ಅಂಟಿಸಿ. ನೆಲಕ್ಕೆ ತಾಗಿ ಗೋಡೆಯ ಬುಡದಲ್ಲಿ ಟೈಲ್ಸ್ ಪಟ್ಟಿ ಇರುವ ಗೋಡೆ ಬೇಡ, ಹಿಮ್ಮಡಿ ಗೋಡೆಗೆ ತಾಗುವುದಿಲ್ಲ. ತಲೆಯ ಮೇಲಿಡಲು ಲಂಬಕೋನ ಸರಿಯಿರುವ ಮರದ ತುಂಡು ಬೇಕು. ಸ್ಕೇಲನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದೆರಡು ಸೆಂಟಿಮೀಟರ್ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಅಳೆಯುವಾಗ

ಬೆಳಗಿನ ಹೊತ್ತು, ಬಿಸಿಯೂಟಕ್ಕೆ ಮೊದಲು ನೋಡಿ. ದಿನವೆಲ್ಲ ನಿಂತು ಓಡಾಡಿದ ಮೇಲೆ ಬೆನ್ನೆಲುಬಿನ ನಡುವಿನ ಮೆತ್ತೆಗಳು ಕುಗ್ಗಿ, ಸಂಜೆಯ ಹೊತ್ತಿಗೆ ಎತ್ತರ ಒಂದು ಸೆಂಟಿಮೀಟರ್‌ನಷ್ಟು ಕಡಿಮೆಯಾಗಬಹುದು. ಮುಂದಿನ ಸಲವೂ ಅದೇ ಹೊತ್ತಿಗೆ ನೋಡಿದರೆ ಹೋಲಿಕೆಗೆ ಅರ್ಥವಿರುತ್ತದೆ.

ಶೂ, ಸ್ವೆಟರ್, ಬೆಲ್ಟ್, ಜೇಬಿನಲ್ಲಿರುವುದೆಲ್ಲ ಹೊರಗೆ. ಯಂತ್ರದ ನಡುವೆ ಎರಡೂ ಕಾಲಿಟ್ಟು, ಏನನ್ನೂ ಹಿಡಿಯದೆ ನಿಲ್ಲಬೇಕು. ಯೂನಿಫಾರ್ಮಿಗೆಂದು ಅಂದಾಜಿನಲ್ಲಿ ಅರ್ಧ ಕಿಲೋ ಕಳೆಯಬೇಡಿ, ಒಬ್ಬೊಬ್ಬರಿಗೆ ಒಂದೊಂದು ರೀತಿ ಆಗುತ್ತದೆ.

ಎತ್ತರಕ್ಕೆ ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿರಲಿ. ಕಣ್ಣಿನ ಕೆಳ ಅಂಚು ಮತ್ತು ಕಿವಿಯ ತೂತು ನೆಲಕ್ಕೆ ಸಮಾನಾಂತರವಾಗಿ ಒಂದೇ ಮಟ್ಟದಲ್ಲಿ ಇರಬೇಕು. "ತಲೆ ಎತ್ತು" ಎಂದರೆ ಮಕ್ಕಳು ಗಲ್ಲ ಮೇಲಕ್ಕೆ ಎತ್ತುತ್ತಾರೆ, ಅದಕ್ಕೆ "ಎದುರಿಗೆ ಆ ಕಿಟಕಿ ನೋಡು ಪುಟ್ಟಾ" ಎಂದು ಹೇಳುವುದು ನನ್ನ ಅಭ್ಯಾಸ. ಎರಡು ಜಡೆ ಹಾಕಿ ರಿಬ್ಬನ್‌ನಲ್ಲಿ ಮಡಚಿ ಕಟ್ಟಿರುವ ಹುಡುಗಿಯರಿಗೆ ಜಡೆ ಪಕ್ಕಕ್ಕೆ ಸರಿಸಿ, ಮರದ ತುಂಡು ನೆತ್ತಿಗೇ ತಾಗಬೇಕು. ಎರಡು ಸಲ ಅಳೆಯಿರಿ. ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ.

ಎತ್ತರದ ಬಗ್ಗೆ ಇಷ್ಟು ಹಟ ಏಕೆಂದರೆ ಲೆಕ್ಕದಲ್ಲಿ ಅದು ವರ್ಗವಾಗುತ್ತದೆ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. ಒಬ್ಬ ಹುಡುಗ 137.4 ಸೆಂ.ಮೀ., 30.9 ಕೆ.ಜಿ. ಇದ್ದಾನೆ ಎನ್ನಿ. 1.374ರ ವರ್ಗ 1.888, ಬಿಎಂಐ 16.4. ಅವನ ಎತ್ತರವನ್ನು ಎರಡು ಸೆಂಟಿಮೀಟರ್ ಹೆಚ್ಚು ಬರೆದರೆ 15.9 ಆಗುತ್ತದೆ. ಶೂ ಸ್ವೆಟರ್ ಸಹಿತ ಒಂದು ಕಿಲೋ ಹೆಚ್ಚು ತೂಗಿದರೆ 16.9. ಮಗು ಒಂದೇ, ನಮ್ಮ ಅವಸರದಿಂದ ಅಂಕಿ ಮೂರು.

ವಯಸ್ಸು ಸರಿಯಾಗಿರಲಿ

ಮಕ್ಕಳ ಬಿಎಂಐಯನ್ನು ವಯಸ್ಸು ಮತ್ತು ಲಿಂಗ ನೋಡದೆ ಓದಲಾಗದು. ವರ್ಷ, ತಿಂಗಳು ಎರಡೂ ಬೇಕು. ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದಿರುವ ಹುಟ್ಟಿದ ದಿನಾಂಕ ಕಂಡರೆ ತಾಯಿಯನ್ನು ಒಮ್ಮೆ ಕೇಳಿ, ಜನನ ಪ್ರಮಾಣಪತ್ರ ನೋಡಿ. ಶಾಲೆಗೆ ಸೇರಿಸುವ ದಿನ ನೆನಪಿಗೆ ಬಂದ ತಾರೀಖು ಬರೆಸಿದ ಮನೆಗಳು ನಮ್ಮಲ್ಲಿ ಎಷ್ಟೋ ಇದ್ದವು. ಒಂದು ವರ್ಷದ ತಪ್ಪು ಮಗುವನ್ನು ಬೇರೆಯೇ ಗುಂಪಿಗೆ ತಳ್ಳಿಬಿಡಬಹುದು.

ಅಂಕಿಯನ್ನು ಓದುವುದು

ಶಾಲೆಗಳಲ್ಲಿ ನಾನು ಕಂಡ ಅತಿ ದೊಡ್ಡ ತಪ್ಪು, ದೊಡ್ಡವರ ಪಟ್ಟಿಯನ್ನು ಮಕ್ಕಳಿಗೆ ಹಾಕುವುದು. ಆಸ್ಪತ್ರೆ ಗೋಡೆಯಲ್ಲಿರುವ 18.5 ಮತ್ತು 25 ವಯಸ್ಕರ ಗೆರೆಗಳು. ವಯಸ್ಕರಲ್ಲಿ 18.5ಕ್ಕಿಂತ ಕೆಳಗಿದ್ದರೆ ತೂಕ ಕಡಿಮೆ. ಹತ್ತು ವರ್ಷದ ಹುಡುಗನಿಗೆ ಅದೇ 18.5 ಮೇಲಿನ ಗೆರೆ, ಅದನ್ನು ದಾಟಿದರೆ ತೂಕ ಹೆಚ್ಚು! ಮೇಲೆ ಹೇಳಿದ 16.4ರ ಹುಡುಗನಿಗೆ ಹತ್ತು ವರ್ಷವಾಗಿದ್ದರೆ ಅವನು ಆ ವಯಸ್ಸಿನ ಹುಡುಗರ ಸರಿಯಾದ ನಡುಗೆರೆಯ ಮೇಲೇ ಇದ್ದಾನೆ. ದೊಡ್ಡವರ ಪಟ್ಟಿ ಹಿಡಿದವರು ಅವನ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ 'ಕಡಿಮೆ ತೂಕ' ಎಂದು ಬರೆದಿರುತ್ತಾರೆ, ಅವನ ತಾಯಿ ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾಳೆ.

5ರಿಂದ 19 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ಬೆಳವಣಿಗೆ ಪಟ್ಟಿ ಇದೆ. ಮೂರು ವಯಸ್ಸಿನ ಗೆರೆಗಳನ್ನು ಕೊಡುತ್ತೇನೆ. ಕ್ರಮವಾಗಿ, ಇದಕ್ಕಿಂತ ಕೆಳಗಿದ್ದರೆ ತೆಳು; ನಡುಗೆರೆ; ಇದನ್ನು ದಾಟಿದರೆ ತೂಕ ಹೆಚ್ಚು; ಇದನ್ನು ದಾಟಿದರೆ ಬೊಜ್ಜು.

- 10 ವರ್ಷ, ಹುಡುಗ: 13.7, 16.4, 18.5, 21.4
- 10 ವರ್ಷ, ಹುಡುಗಿ: 13.5, 16.6, 19.0, 22.6
- 13 ವರ್ಷ, ಹುಡುಗ: 14.9, 18.2, 20.8, 24.8
- 13 ವರ್ಷ, ಹುಡುಗಿ: 14.9, 18.8, 21.8, 26.2
- 15 ವರ್ಷ, ಹುಡುಗ: 16.0, 19.8, 22.7, 27.0
- 15 ವರ್ಷ, ಹುಡುಗಿ: 15.9, 20.2, 23.5, 28.2

ಉಳಿದ ವಯಸ್ಸುಗಳಿಗೆ ತಿಂಗಳುವಾರು ಪಟ್ಟಿಯ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ನಮ್ಮ ಮಕ್ಕಳಿಗೆಂದೇ 5ರಿಂದ 18 ವರ್ಷದ ಪಟ್ಟಿ ಹೊರತಂದಿದೆ. ತೂಕ ಹೆಚ್ಚು, ಬೊಜ್ಜು ಎನ್ನಲು ವಯಸ್ಕರಾದಾಗ 23 ಮತ್ತು 27ಕ್ಕೆ ಹೋಗಿ ಸೇರುವ ಗೆರೆಗಳನ್ನು ಅದು ಬಳಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಳು ಹೋಗಿ ಸೇರುವುದು 25 ಮತ್ತು 30ಕ್ಕೆ. ಭಾರತೀಯರಲ್ಲಿ ಕಡಿಮೆ ಬಿಎಂಐ ಇದ್ದಾಗಲೇ ಸಕ್ಕರೆ ಕಾಯಿಲೆಯ ಅಪಾಯ ಶುರುವಾಗುವುದರಿಂದ ಈ ಎಚ್ಚರ. ಮಕ್ಕಳ ಡಾಕ್ಟರು ಸಾಮಾನ್ಯವಾಗಿ ನೋಡುವುದು ಅಕಾಡೆಮಿಯ ಪಟ್ಟಿಯನ್ನೇ. ಯಾವುದನ್ನು ಹಿಡಿದರೂ ವರ್ಷ ವರ್ಷ ಅದನ್ನೇ ಹಿಡಿಯಿರಿ.

ಅಂಕಿ ಹೇಳದೇ ಇರುವುದು

ಈ ಸೂತ್ರವನ್ನು ಕೊಟ್ಟದ್ದು 1832ರಲ್ಲಿ, ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಸಂಖ್ಯಾಶಾಸ್ತ್ರಜ್ಞ. ಆತ ವೈದ್ಯನಲ್ಲ. ಒಂದು ಜನಸಮುದಾಯದ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂದು ತಿಳಿಯುವುದು ಆತನ ಉದ್ದೇಶವಾಗಿತ್ತು. 'ಬಾಡಿ ಮಾಸ್ ಇಂಡೆಕ್ಸ್' ಎಂಬ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಮತ್ತು ಸಂಗಡಿಗರ ಲೇಖನದಿಂದ. ಇದನ್ನು ಇಲ್ಲಿ ಹೇಳಲು ಕಾರಣ, ನೂರು ಮಕ್ಕಳ ಬಗ್ಗೆ ಚೆನ್ನಾಗಿ ಮಾತಾಡುವ ಈ ಅಂಕಿ ಒಂದೇ ಮಗುವಿನ ಬಗ್ಗೆ ಅಷ್ಟು ಖಚಿತವಾಗಿ ಮಾತಾಡುವುದಿಲ್ಲ.

15 ವರ್ಷದ ಕಬಡ್ಡಿ ಆಟಗಾರ, 165 ಸೆಂ.ಮೀ., 66 ಕೆ.ಜಿ. ಬಿಎಂಐ 24.2, ಪಟ್ಟಿಯ ಪ್ರಕಾರ ತೂಕ ಹೆಚ್ಚು. ಅವನ ತೊಡೆ, ಭುಜ ನೋಡಿದರೆ ಅದು ಸ್ನಾಯು ಎಂದು ಯಾರಿಗೂ ತಿಳಿಯುತ್ತದೆ. ಇನ್ನೊಂದು ಕಡೆ, ನೋಡಲು ತೆಳ್ಳಗಿದ್ದು ಹೊಟ್ಟೆಯ ಸುತ್ತ ಮಾತ್ರ ಕೊಬ್ಬಿರುವ ಮಗುವಿನ ಬಿಎಂಐ ಸರಿಯಾಗೇ ಬರುತ್ತದೆ. ಋತುಮತಿಯಾಗುವ ಆಸುಪಾಸಿನಲ್ಲಿ ಹುಡುಗಿಯರ ಮೈ ತುಂಬಿಕೊಳ್ಳುವುದು ಸಹಜ ಬೆಳವಣಿಗೆ. ಒಂದೇ ತರಗತಿಯಲ್ಲಿ ಆ ಹಂತ ದಾಟಿದವಳೂ ದಾಟದವಳೂ ಇರುತ್ತಾರೆ, ಅವರಿಬ್ಬರನ್ನು ಹೋಲಿಸುವಂತಿಲ್ಲ. ಬೆನ್ನು ಬಾಗಿದ, ಕಾಲಿನ ತೊಂದರೆಯಿರುವ ಮಗುವಿಗೆ ಈ ಲೆಕ್ಕವನ್ನೇ ಹಾಕಬೇಡಿ, ಅದು ಡಾಕ್ಟರ ಕೆಲಸ.

ತೆಳುವಿರುವ ಮಗು ಸಿಕ್ಕಾಗ

13 ವರ್ಷದ ಹುಡುಗಿ, 150 ಸೆಂ.ಮೀ., 33 ಕೆ.ಜಿ. ಬಿಎಂಐ 14.7, ಗೆರೆಯ ಕೆಳಗೆ. ಅವಳನ್ನು ಒಬ್ಬಳೇ ಇದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ ತೂಕದ್ದಲ್ಲ. "ಬೆಳಿಗ್ಗೆ ಏನು ತಿಂದು ಬಂದೆಯಮ್ಮಾ?" ಬರೀ ಟೀ ಕುಡಿದು ಮೂರು ಕಿಲೋಮೀಟರ್ ನಡೆದು ಬರುವ ಮಕ್ಕಳು ನಮ್ಮಲ್ಲಿದ್ದಾರೆ. ಅಂಥವರನ್ನು ಮೊದಲ ಪೀರಿಯಡ್‌ನಲ್ಲೇ 600 ಮೀಟರ್ ಓಡಿಸಿದರೆ ತಲೆಸುತ್ತಿ ಬೀಳುತ್ತಾರೆ. ಓಟದ ಪರೀಕ್ಷೆಯನ್ನು ಕ್ಷೀರಭಾಗ್ಯದ ಹಾಲು ಕುಡಿದು ಒಂದು ಗಂಟೆ ಕಳೆದ ಮೇಲೆ ಇಟ್ಟುಕೊಳ್ಳಿ.

ಆಮೇಲೆ ಪಟ್ಟಿ ಮಾಡಿ ನೋಡಿ: ಬಿಸಿಯೂಟ ಸರಿಯಾಗಿ ಮಾಡುತ್ತಾಳೆಯೇ, ವಾರದ ಕಬ್ಬಿಣಾಂಶದ ಮಾತ್ರೆ ನುಂಗುತ್ತಾಳೆಯೇ ಇಲ್ಲ ಕಿಟಕಿಯಿಂದ ಹೊರಗೆ ಹೋಗುತ್ತದೆಯೇ, ಜಂತುಹುಳುವಿನ ಮಾತ್ರೆ ಕೊಟ್ಟ ದಿನ ಶಾಲೆಗೆ ಬಂದಿದ್ದಳೇ. ಕಣ್ಣಿನ ಕೆಳರೆಪ್ಪೆ ಬಿಳಿಚಿದ್ದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ರಕ್ತಹೀನತೆಯ ಅನುಮಾನ. ಎರಡು ವಾರ ದಾಟಿದ ಕೆಮ್ಮು, ಕಳೆದ ವರ್ಷಕ್ಕಿಂತ ತೂಕ ಇಳಿದಿರುವುದು, ಇವು ಕಾಯುವ ವಿಷಯಗಳಲ್ಲ, ಆ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಉಳಿದವರ ಹೆಸರನ್ನು ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಆರೋಗ್ಯ ತಂಡಕ್ಕೆ ಕೊಡಿ. 2013ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ, ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುತ್ತಾರೆ. ಅವರು ಬರುವ ದಿನ ನಿಮ್ಮ ಕೈಯಲ್ಲಿ ಪಟ್ಟಿ ಸಿದ್ಧವಿದ್ದರೆ ಯಾವ ಮಗುವೂ ತಪ್ಪಿಹೋಗುವುದಿಲ್ಲ.

ತೂಕ ಹೆಚ್ಚಿರುವ ಮಗು ಸಿಕ್ಕಾಗ

ಪಥ್ಯ ಹೇಳುವುದು ನಮ್ಮ ಕೆಲಸವಲ್ಲ. "ರಾತ್ರಿ ಅನ್ನ ಬಿಡು" ಎಂದು ಒಂದು ಮಾತು ಹೇಳಿದರೆ, ಬೆಳೆಯುವ ಮಗು ಊಟವನ್ನೇ ಬಿಟ್ಟು ಬೇಕರಿಯ ಪಫ್ಸ್‌ಗೆ ಹೋಗುತ್ತದೆ. ತೂಕ ಇಳಿಸುವ ಗುರಿಯನ್ನೂ ಕೊಡಬೇಡಿ, ಅನೇಕ ಮಕ್ಕಳಿಗೆ ಅದರ ಅಗತ್ಯವೇ ಇಲ್ಲ. ಹತ್ತು ವರ್ಷಕ್ಕೆ 140 ಸೆಂ.ಮೀ., 44 ಕೆ.ಜಿ. ಇದ್ದ ಹುಡುಗನ ಬಿಎಂಐ 22.4, ಬೊಜ್ಜಿನ ಗೆರೆಯ ಮೇಲೆ. ಎರಡು ವರ್ಷದಲ್ಲಿ ಅವನು 152 ಸೆಂ.ಮೀ.ವರೆಗೆ ಬೆಳೆದು ತೂಕ 45ಕ್ಕೆ ನಿಂತರೆ ಬಿಎಂಐ 19.5. ಹನ್ನೆರಡಕ್ಕೆ ಮೇಲಿನ ಗೆರೆ 19.9. ಒಂದು ಕಿಲೋ ಏರಿಯೂ ಅವನು ಸಾಮಾನ್ಯ ಗುಂಪಿಗೆ ಬಂದಿರುತ್ತಾನೆ. ಪೋಷಕರಿಗೆ ಈ ಲೆಕ್ಕ ಬಿಡಿಸಿ ತೋರಿಸಿದರೆ ಅರ್ಧ ಆತಂಕ ಇಳಿಯುತ್ತದೆ.

ಡಾಕ್ಟರಿಗೆ ತೋರಿಸಿ ಎಂದು ಹೇಳಲೇಬೇಕಾದ ಗುರುತುಗಳಿವೆ. ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ಕಪ್ಪಾಗಿ ದಪ್ಪವಾದ ಚರ್ಮ: ಇದು ಕೊಳೆಯಲ್ಲ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆ ಇರಬಹುದು. "ಸರಿಯಾಗಿ ಉಜ್ಜಿ ಸ್ನಾನ ಮಾಡು" ಎಂದು ಆ ಮಗುವನ್ನು ಗದರಿಸಿದವರನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ತೂಕ ಏರುತ್ತಾ ಎತ್ತರ ಮಾತ್ರ ನಿಂತುಹೋಗಿದ್ದರೆ ಥೈರಾಯ್ಡ್ ಮುಂತಾದ ತೊಂದರೆ ಇರಬಹುದು. ಸೊಂಟ, ಮೊಣಕಾಲು ನೋವೆಂದು ಕುಂಟುತ್ತಿದ್ದರೆ ಅಂದೇ ಓಟ ನಿಲ್ಲಿಸಿ ಆಸ್ಪತ್ರೆಗೆ ಕಳಿಸಿ.

ಮೈದಾನದಲ್ಲಿ

ಬಿಎಂಐ ನೋಡಿ ಗುಂಪು ಮಾಡಬೇಡಿ. ಹಗ್ಗಜಗ್ಗಾಟದಲ್ಲಿ ದಪ್ಪ ಹುಡುಗನನ್ನು ಕೊನೆಗೆ ನಿಲ್ಲಿಸುವುದು, ಫುಟ್‌ಬಾಲ್‌ನಲ್ಲಿ ಯಾವಾಗಲೂ ಗೋಲಿಗೆ ಕಳಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಅವನಿಗೆ ಓಡುವ ಅವಕಾಶವೇ ಸಿಗುವುದಿಲ್ಲ. ಜಾಗಗಳನ್ನು ಚೀಟಿ ಎತ್ತಿ ಕೊಡಿ. 600 ಮೀಟರಿಗೆ ಎಲ್ಲರೂ ಒಂದೇ ಕ್ರಮದಲ್ಲಿ ಅಭ್ಯಾಸ ಮಾಡಲಿ: ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ಕೆಲವು ವಾರಗಳಲ್ಲಿ ನಡಿಗೆಯ ಹೊತ್ತನ್ನು ಕಡಿಮೆ ಮಾಡುತ್ತಾ ಹೋಗಿ. ಜುಲೈನ ಸಮಯಕ್ಕೂ ಜನವರಿಯ ಸಮಯಕ್ಕೂ ಇರುವ ವ್ಯತ್ಯಾಸಕ್ಕೆ ಅಂಕ ಕೊಟ್ಟರೆ ಹಿಂದೆ ಓಡುವ ಮಗುವಿಗೂ ಗೆಲ್ಲಲು ಏನೋ ಇರುತ್ತದೆ. ಓಡಿಸುವುದನ್ನು ಶಿಕ್ಷೆಯಾಗಿ ಬಳಸುವ ಶಾಲೆಯಲ್ಲಿ ಓಟ ಇಷ್ಟಪಡುವ ಮಕ್ಕಳು ಬೆಳೆಯುವುದಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಣಿತದವರು ಬಂದು ನಿಮ್ಮ ಪೀರಿಯಡ್ ಕೇಳಿದಾಗ ಈ ಮಾತು ನೆನಪಿಸಿ.

ಬಿಎಂಐ ಪಾಠ ಮಾಡಬೇಕಾಗಿ ಬಂದರೆ ಕಪ್ಪುಹಲಗೆಯ ಮೇಲೆ ಕಲ್ಪಿತ ಅಂಕಿಗಳನ್ನು ಬರೆಯಿರಿ. ತರಗತಿಯ ಮಕ್ಕಳ ತೂಕ ಅಲ್ಲಿ ಬರಬಾರದು.

ಮಾತಿನ ವಿಷಯದಲ್ಲಿ ಶಿಕ್ಷಕರ ಕೋಣೆಯಿಂದಲೇ ಶುರುಮಾಡಬೇಕು. 'ಡುಮ್ಮ', 'ಕಡ್ಡಿ', 'ಗಾಳಿ ಬಂದರೆ ಹಾರಿಹೋಗ್ತೀಯ' ಇವನ್ನೆಲ್ಲ ಮಕ್ಕಳು ಕಲಿಯುವುದು ಎಷ್ಟೋ ಸಲ ನಮ್ಮ ಬಾಯಿಂದ. ಮಗು ತಾನಾಗಿ "ಸಾರ್, ನಾನು ದಪ್ಪ ಇದೀನಾ?" ಎಂದು ಕೇಳಿದರೆ "ಇಲ್ಲಪ್ಪ" ಎಂದು ಸುಳ್ಳು ಹೇಳಿ ಸಾಗಹಾಕುವುದೂ ಬೇಡ. "ನೀನು ಬೆಳೀತಾ ಇದೀಯಪ್ಪ. ಹೋದ ತಿಂಗಳಿಗಿಂತ ಒಂದು ಸುತ್ತು ಜಾಸ್ತಿ ಓಡಿದೆ, ನಾನು ನೋಡಿದೆ. ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿ. ಸಾಮಾನ್ಯವಾಗಿ ಯಾರೋ ಏನೋ ಅಂದಿರುತ್ತಾರೆ.

ದಾಖಲೆ

ಒಂದೇ ಪುಸ್ತಕ, ಬೀಗವಿರುವ ಕಪಾಟು. ತರಗತಿಯ ವಾಟ್ಸಾಪ್ ಗುಂಪಿಗೆ ಪಟ್ಟಿಯ ಫೋಟೊ ಹೋಗಬಾರದು, ಆ್ಯಪ್‌ಗೆ ತುಂಬಿಸುವ ಕೆಲಸವನ್ನು ಮಕ್ಕಳಿಗೆ ಕೊಡಬಾರದು. ಪ್ರತಿ ಮಗುವಿಗೆ ಒಂದು ಪುಟ ಇಟ್ಟರೆ ನಾಲ್ಕಾರು ವರ್ಷದ ಅಂಕಿಗಳು ಒಂದರ ಕೆಳಗೊಂದು ಕಾಣುತ್ತವೆ. ಒಂದು ಸಲದ ಅಂಕಿಗಿಂತ ಈ ಸಾಲು ಹೆಚ್ಚು ಹೇಳುತ್ತದೆ. ಸದಾ ತೆಳುವಾಗಿದ್ದು ತನ್ನ ಗೆರೆಯಲ್ಲೇ ಬೆಳೆಯುತ್ತಿರುವ ಮಗುವಿಗಿಂತ, ನಡುವಿನಲ್ಲಿದ್ದು ಒಂದೇ ವರ್ಷದಲ್ಲಿ ಕೆಳಗೋ ಮೇಲೋ ಜಿಗಿದ ಮಗುವಿನ ಮನೆಯಲ್ಲಿ, ಮೈಯಲ್ಲಿ, ಮನಸ್ಸಿನಲ್ಲಿ ಏನೋ ಆಗಿದೆ. ಅಲ್ಲಿ ಮೊದಲು ವಿಚಾರಿಸಿ. ವರ್ಷಕ್ಕೆ ಎರಡು ಸಲ ಅಳೆದರೆ ಸಾಕು.

ಕೊನೆಗೆ, ಯಂತ್ರದ ಮೇಲೆ ನಿಲ್ಲುವುದಿಲ್ಲ ಎನ್ನುವ ಮಗು. ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ. ಬಲವಂತ ಬೇಡ, ಏಕೆ ಎಂದು ಅಲ್ಲೇ ಕೇಳುವುದೂ ಬೇಡ. ಎತ್ತರ ಮಾತ್ರ ನೋಡಿ, ತೂಕದ ಕಾಲಂ ಖಾಲಿ ಬಿಟ್ಟು, "ಹೋಗಿ ಆಡ್ಕೋ" ಎಂದು ಕಳಿಸಿ. ನನ್ನ ಪುಸ್ತಕದಲ್ಲಿ ಅಂಥ ಖಾಲಿ ಚೌಕಗಳು ಕೆಲವಿವೆ. ಒಬ್ಬ ಹುಡುಗನದು ಎರಡು ವರ್ಷ ಖಾಲಿಯಿತ್ತು. ಮೂರನೇ ವರ್ಷ ಎಲ್ಲರೂ ಹೋದ ಮೇಲೆ ತಾನೇ ಬಂದು ಬಾಗಿಲ ಹತ್ತಿರ ಶೂ ಬಿಚ್ಚಿಟ್ಟ.